ಫೂಟುಪಟ್ಟಿಯಿಂದ ಅಳೆದ ಕನ್ನಡ

ಸೊಲ್ಲಾಪುರ ರಸ್ತೆಯ ಮೇಲೆ ದಿನಾಲು ಮುಂಜಾನೆ ತಿರುಗಾಡಲು ಹೊರಡುವ ಪೆನ್ಶನರರ ಗುಂಪಿನಲ್ಲಿ ನಾನೂ ಒಬ್ಬ. ಉಳಿದವರು ಆರೋಗ್ಯಕ್ಕೆಂದು ನಡೆಯುತ್ತಾರೆ. ನಾನಾದರೋ ಎರಡೂ ಬದಿಯ ಬೋರ್ಡುಗಳನ್ನು ಓದುತ್ತ ನಡೆದು, ಇದ್ದ ಆರೋಗ್ಯವನ್ನೂ ಕೆಡಿಸಿಕೊಂಡು ಮನೆಗೆ ಮರಳುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರಿಕೆ ಮಾಡಿದವನ ಕಣ್ಣಿಗೆ ಅಂಟಿದ ಚಾಳಿ ಇದು. ಮನೆಯವರು ಎಷ್ಟು ಹೇಳಿದರೂ ಬಿಟ್ಟಿಲ್ಲ.

ಇತ್ತೀಚೆಗೆ ಒಂದು ಮುಂಜಾನೆ ಹೊಸದೊಂದು ಬೋರ್ಡು ಕಣ್ಣಿಗೆ ಬಿತ್ತು. ಅಂಗಡಿಯ ಹೆಸರು 'ಧನ' ಎಂಬ ಮಂಗಳಕರ ಶಬ್ದದಿಂದ ಆರಂಭವಾಗತಕ್ಕದ್ದು. ಆದರೆ ಅಕ್ಷರಗಳನ್ನು ಕೊಬ್ಬಿಸಿದ ಭರದಲ್ಲಿ 'ಧ'ಕಾರದ ಹೊಟ್ಟೆಯೊಳಗಿನ ಸಣ್ಣ ಸೀಳು ಮುಚ್ಚಿಹೋಗಿ, ಧನವು ದನವಾಗಿ ಕುಳಿತಿತ್ತು. ಅದರ ಆಚೆಯ ಕಿರಾಣಿ ಅಂಗಡಿಯದು ಇನ್ನೊಂದು ಗತಿ. ಫ್ಲೆಕ್ಸನ್ನು ಚೌಕಟ್ಟಿಗೆ ಬಿಗಿಯುವಾಗ ಕೆಳಗಿನ ಒತ್ತಕ್ಷರಗಳೆಲ್ಲ ತಗಡಿನ ಅಂಚಿನಡಿ ಅಡಗಿ, 'ಅಕ್ಕಿ' ಎಂಬುದು 'ಅಕಿ' ಆಗಿತ್ತು. ನಮ್ಮ ಕಡೆಯ ಆಡುಮಾತಿನಲ್ಲಿ ಅಕಿ ಎಂದರೆ ಅವಳು. ಯಾವಾಕಿ ಅಂಗಡಿಯಪ್ಪಾ ಇದು ಎಂದು ಹಳ್ಳಿಯಿಂದ ಬಂದವರು ಕೇಳಿದರೆ ಅವರದೇನು ತಪ್ಪು?

ಹಳೆಯ ಪರಿಚಯದ ಸಲಿಗೆಯಿಂದ ನಾನು ಮೊದಲನೆಯ ಅಂಗಡಿಯ ಮಾಲಿಕರಿಗೆ ಈ ದನದ ವಿಷಯ ತಿಳಿಸಿದೆ. ಅವರು ನಕ್ಕರು.

“ಮಾಸ್ತರ್ರ, ಅದನ್ನೆಲ್ಲಾ ಯಾರು ನೋಡ್ತಾರ್ರೀ? ಅರವತ್ತು ಪರ್ಸೆಂಟ್ ಕನ್ನಡ ಐತಿ. ಟೇಪ್ ಹಿಡಿದು ಅಳಿಸೇನಿ. ಇನ್ನ ಯಾರೂ ಕೇಳೂ ಹಂಗಿಲ್ಲ.”

ಇನ್ನು ಯಾರೂ ಕೇಳುವ ಹಾಗಿಲ್ಲ! ಈ ಒಂದು ಮಾತೇ ಈ ಲೇಖನಕ್ಕೆ ಕಾರಣ. ಕೇಳುವವನು ಒಬ್ಬನಾದರೂ ಇದ್ದಾನೆಂದು ತೋರಿಸುವುದಕ್ಕಾಗಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು ಸ್ಪಷ್ಟಪಡಿಸುತ್ತೇನೆ. ನಾನು ಕಾಯ್ದೆಯ ವಿರೋಧಿಯಲ್ಲ. 2022ರ ಕನ್ನಡ ಭಾಷಾ ಸಮಗ್ರ ಅಭಿವೃದ್ಧಿ ಕಾಯ್ದೆಗೆ 2024ರಲ್ಲಿ ತಿದ್ದುಪಡಿಯಾಗಿ, ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇಕಡಾ 60 ಭಾಗ ಕನ್ನಡವಿರಬೇಕು, ಅದೂ ಮೇಲ್ಭಾಗದಲ್ಲಿರಬೇಕು ಎಂದು ಗೊತ್ತಾದಾಗ ಸಂತೋಷಪಟ್ಟವರಲ್ಲಿ ನಾನೂ ಒಬ್ಬ. ಗಡಿಯ ಜಿಲ್ಲೆಯಲ್ಲಿ ಬಾಳುವವನಿಗೆ ಇಂಥ ಕಾಯ್ದೆಯ ಬೆಲೆ ಗೊತ್ತು. ಇದೇ ರಸ್ತೆ ಹೊರ್ತಿ, ಝಳಕಿಗಳನ್ನು ದಾಟಿ, ಧೂಳಖೇಡದಲ್ಲಿ ಭೀಮೆಯ ಆಚೆಗಾದರೆ ಬೋರ್ಡುಗಳ ಲಿಪಿಯೇ ಬದಲಾಗುತ್ತದೆ. ಆದರೆ ಫೂಟುಪಟ್ಟಿಯು ಜಾಗವನ್ನು ಅಳೆಯಬಲ್ಲದು, ಅಕ್ಷರವನ್ನು ಅಳೆಯಲಾರದು. ಕಾಯ್ದೆಯಿಂದ ಕನ್ನಡಕ್ಕೆ ಜಾಗ ದೊರೆಯಿತು. ಆ ಜಾಗದಲ್ಲಿ ಕೂಡುವ ಅಕ್ಷರಕ್ಕೆ ರೂಪ ಕೊಡುವವರು ಯಾರು? ಅದನ್ನು ಕಲಿಸುವವರು ಯಾರು? ಕಲಿತು ಬಂದವರಿಗೆ ಕೂಲಿ ಕೊಡುವವರು ಯಾರು? ಈ ಪ್ರಶ್ನೆಗಳನ್ನು ನಾವಾರೂ ಕೇಳಿಕೊಂಡಿಲ್ಲ. 2014ರ ನವೆಂಬರ್ 1ರಂದು ಬಿಜಾಪುರವು ವಿಜಯಪುರವಾದಾಗ ಊರ ಬೋರ್ಡುಗಳನ್ನೆಲ್ಲ ಮತ್ತೆ ಬರೆಯಿಸುವ ಪ್ರಸಂಗ ಒದಗಿತ್ತು. ಹೆಸರು ಬದಲಾಯಿತು, ಬರಹ ಸುಧಾರಿಸಲಿಲ್ಲ.

ಈ ಪ್ರಶ್ನೆ ನನ್ನ ಮನೆಯ ಬಾಗಿಲಿಗೇ ಬಂದದ್ದು ಹೇಗೆಂಬುದನ್ನು ಈಗ ಹೇಳುತ್ತೇನೆ.

ನಮ್ಮ ಓಣಿಯಲ್ಲಿ ಒಬ್ಬ ಹುಡುಗಿ ಇದ್ದಾಳೆ. ಅವಳ ತಂದೆಯದು ತಿಕೋಟಾ ಕಡೆಗೆ ದ್ರಾಕ್ಷಿಯ ತೋಟ. ಮಕ್ಕಳ ಓದಿಗೆಂದು ಸೊಲ್ಲಾಪುರ ರಸ್ತೆಯ ಬದಿಗೆ ಮನೆ ಮಾಡಿದ್ದಾರೆ. ಹುಡುಗಿ ನನ್ನ ಕೈಯಲ್ಲಿಯೇ ಡ್ರಾಯಿಂಗ್ ಕಲಿತವಳು. ಈಗ ದೂರದ ಊರೊಂದರಲ್ಲಿ ಡಿಸೈನ್ ಓದುತ್ತಾಳೆ. ಡಿಸೈನ್ ಎಂದರೆ ಸೀರೆಯ ಸೆರಗು ಎಂದಷ್ಟೇ ತಿಳಿದ ಓಣಿಯವರಿಗೆ, ಅಕ್ಷರ ಬರೆಯುವುದನ್ನೂ ಚೀಟಿ ಅಂಟಿಸುವುದನ್ನೂ ಕಲಿಯಲು ಲಕ್ಷಗಟ್ಟಲೆ ಹಣ ಕಟ್ಟುತ್ತಾರೆಂಬುದು ಇನ್ನೂ ನಂಬಿಕೆಯಾಗಿಲ್ಲ. ಮೊದಲ ವರ್ಷ ಮುಗಿಸಿ ರಜೆಗೆ ಬಂದವಳು ತಾನು ಮಾಡಿದ ಮೂರು ಕೆಲಸಗಳನ್ನು ತೋರಿಸಲು ದೊಡ್ಡ ಕರಿಯ ಚೀಲ ಹೊತ್ತು ನಮ್ಮ ಮನೆಗೆ ಬಂದಳು.

ಮೊದಲನೆಯದು ಅಕ್ಷರವಿನ್ಯಾಸ. ದ್ರಾಕ್ಷಿಯ ಚಪ್ಪರದ ಕಂಬ, ತಂತಿ, ಬಳ್ಳಿ ಇವುಗಳ ಆಕಾರವನ್ನೇ ಹಿಡಿದು ರೋಮನ್ ಲಿಪಿಯ ಇಪ್ಪತ್ತಾರು ಅಕ್ಷರಗಳನ್ನು ಕರಿಯ ಮಸಿಯಲ್ಲಿ ರಚಿಸಿದ್ದಳು. ಎರಡನೆಯದು ಲಾಂಛನ. ಒಣದ್ರಾಕ್ಷಿ ಬೆಳೆಗಾರರ ಒಂದು ಕಲ್ಪಿತ ಸಂಘಕ್ಕಾಗಿ ಇಂಗ್ಲಿಷಿನ 'ವಿ' ಅಕ್ಷರವನ್ನು ಬಳ್ಳಿಯ ಎಲೆಯಾಗಿ ಮಾಡಿದ್ದಳು. ಮೂರನೆಯದು ಕಾಲು ಕಿಲೋ ಒಣದ್ರಾಕ್ಷಿಯ ಪೊಟ್ಟಣ. ಒಳಗಿನ ಸರಕು ಕಾಣುವಂತೆ ಮುಂಭಾಗಕ್ಕೆ ಒಂದು ಕಿಟಕಿ. ಮಡಿಕೆಗಳು ಕರಾರುವಾಕ್ಕು, ಬಣ್ಣ ಹಿತಮಿತ. ಕೈ ಪಳಗಿದೆ ಎಂದು ನನಗೆ ಹೆಮ್ಮೆಯೆನಿಸಿತು. ಪೊಟ್ಟಣವನ್ನು ತಿರುವಿ ನೋಡುವವರೆಗೆ.

ಹಿಂಬದಿಯ ಅಡಿಯಲ್ಲಿ, ಸಾಸಿವೆಯಷ್ಟು ಸಣ್ಣಗೆ, ಎರಡೇ ಸಾಲು ಕನ್ನಡ. ಅದರಲ್ಲಿಯೂ ಗಣಕಯಂತ್ರವು ಒತ್ತಕ್ಷರಗಳನ್ನು ಜೋಡಿಸದೆ ಬಿಡಿಬಿಡಿಯಾಗಿ ಉದುರಿಸಿ, ಒಣದ್ರಾಕ್ಷಿಯು 'ಒಣದ್‌ರಾಕ್‌ಷಿ' ಎಂದು ಬಿದ್ದಿತ್ತು. ತೋಟದಲ್ಲಿ ಆಲಿಕಲ್ಲು ಮಳೆ ಹೊಡೆದ ಗೊನೆಯ ಹಾಗೆ.

“ಇದೇನವಾ ತಂಗಿ?” ಎಂದೆ.

“ಸರ್, ಮೊದಲನೇ ವರ್ಷ ಎಲ್ಲಾರಿಗೂ ಎ ಬಿ ಸಿ ಡಿನೇ ಕೊಡ್ತಾರ್ರಿ. ಜ್ಯೂರಿಗೆ ಬಂದವರಿಗೆ ಕನ್ನಡ ಓದಾಕ ಬರೂದಿಲ್ಲ. ಓದಾಕ ಬರಲಾರದ್ದಕ್ಕ ಮಾರ್ಕ್ಸ್ ಹೆಂಗ ಕೊಡ್ತಾರ? ಕನ್ನಡ ಆಮ್ಯಾಲೆ ಹಚ್ಚಿದರ ಆತು ಅಂದ್ರು.”

ಪರೀಕ್ಷಕರ ಮಂಡಳಿಗೆ ಅವರಲ್ಲಿ ಜ್ಯೂರಿ ಎನ್ನುತ್ತಾರಂತೆ. ಆಗಲಿ. 'ಆಮೇಲೆ ಹಚ್ಚಿದರಾಯಿತು' ಎಂಬ ಮಾತು ಮಾತ್ರ ನನ್ನ ತಲೆಗೆ ಏರಿತು. ಅಪ್ಪನ ತೋಟದ ಮಣೂಕ, ತಾಯಿಯ ಮಾತು ಕನ್ನಡ, ಕೈ ನಿನ್ನದು. ಅಂದ ಮೇಲೆ ನಿನ್ನ ಲಿಪಿಯನ್ನು ಟಪಾಲು ತಿಕೀಟಿನಂತೆ ಕೊನೆಗೆ ಅಂಟಿಸಲು ನಿನಗೆ ನಾಚಿಕೆಯಾಗಲಿಲ್ಲವೇ ಎಂದು ದನಿ ಏರಿಸಿ ಕೇಳಿಬಿಟ್ಟೆ. ಹುಡುಗಿ ಅಳಲಿಲ್ಲ, ಸಿಟ್ಟಾಗಲೂ ಇಲ್ಲ. ಪೊಟ್ಟಣವನ್ನು ಚೀಲದಲ್ಲಿಟ್ಟು ಮೆಲ್ಲಗೆ ಕೇಳಿದಳು:

“ಸರ್, ಒಂದ ಮಾತ ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಮೂರು ವರ್ಷ ನಿಮ್ಮ ಕೈಯಾಗ ಡ್ರಾಯಿಂಗ್ ಕಲತೇನಿ. ನೀವು ಒಂದ ದಿನಾನರ ನಮ್ಮ ಕಡಿಂದ 'ಅ' ಅಕ್ಷರ ತಗಸೀರೇನು?”

ವಾಚಕ ಮಹಾಶಯರೇ, ನಾನು ತಗಿಸಿರಲಿಲ್ಲ. ಕೊಡ, ಬುಟ್ಟಿ, ಬದನೆಕಾಯಿ, ಗೋಳಗುಮ್ಮಟ ಎಲ್ಲವನ್ನೂ ತಗಿಸಿದ್ದೆ. ಡ್ರಾಯಿಂಗ್ ಗ್ರೇಡ್ ಪರೀಕ್ಷೆಗೆ ಕೂಡುವ ಮಕ್ಕಳಿಗೆ ಅಕ್ಷರಲೇಖನವನ್ನೂ ಹೇಳಿಕೊಟ್ಟಿದ್ದೆ. ಆದರೆ ಗೋಡೆಗೆ ತೂಗುಹಾಕುತ್ತಿದ್ದ ತಕ್ತೆ ರೋಮನ್ ಅಕ್ಷರಗಳದು. ಚೌಕಗಳನ್ನು ಎಣಿಸಿ ತುಂಬಿಸುವ ವಿದ್ಯೆ ಅದು. ಕನ್ನಡ ಅಕ್ಷರ ಬೇಕಾಗುತ್ತಿದ್ದುದು ಶಾಲೆಯ ಸ್ನೇಹಸಮ್ಮೇಳನದ ಹಿಂದಿನ ದಿನ, 'ಸ್ವಾಗತ' ಎಂದು ಬರೆಯಲು. ಆಗ ಯಾರ ಕೈಬರಹ ದುಂಡಗಿದೆಯೋ ಆ ಹುಡುಗನನ್ನು ಕರೆಯುತ್ತಿದ್ದೆವು. ಅಕ್ಷರದ ಕೆಲಸ ಕನ್ನಡ ಪಂಡಿತರದೆಂದು ನಾನು ತಿಳಿದಿದ್ದೆ. ಅದರ ಆಕಾರದ ಕೆಲಸ ಡ್ರಾಯಿಂಗ್ ಮಾಸ್ತರದೆಂದು ಪಂಡಿತರು ತಿಳಿದಿದ್ದರು. ನಮ್ಮಿಬ್ಬರ ನಡುವೆ ಕನ್ನಡದ ಅಕ್ಷರ ತಬ್ಬಲಿಯಾಯಿತು. ಮೂವತ್ತು ವರ್ಷ ಸಂಬಳ ತೆಗೆದುಕೊಂಡು ನಾನು ಬೆಳೆಸಿದ ತಬ್ಬಲಿಯೇ ಈಗ ದೊಡ್ಡದಾಗಿ, ಸೊಲ್ಲಾಪುರ ರಸ್ತೆಯ ಬೋರ್ಡುಗಳ ಮೇಲೆ ದನವಾಗಿ ನಿಂತಿದೆ.

ಆದುದರಿಂದ ನಾನು ಈಗ ಆಡುವ ಕಠಿಣ ಮಾತುಗಳಲ್ಲಿ ಮೊದಲನೆಯ ಪಾಲು ನನ್ನದೇ ಎಂದು ಒಪ್ಪಿಕೊಂಡು ಮುಂದುವರಿಯುತ್ತೇನೆ.

ಅಕ್ಷರ ಯಾವುದಾದರೇನು, ಕಲೆ ಒಂದೇ ಅಲ್ಲವೇ, ರೋಮನ್ ಲಿಪಿಯಲ್ಲಿ ಪಳಗಿದ ಕೈ ಕನ್ನಡವನ್ನೂ ಬರೆದೀತು ಎಂದು ಕೆಲವರು ಹೇಳುತ್ತಾರೆ. ಇದು ದೊಡ್ಡ ಭ್ರಮೆ. ರೋಮನ್ ಅಕ್ಷರಗಳು ಫಳಿಯ ಮೇಲೆ ಸಾಲಾಗಿಟ್ಟ ಡಬ್ಬಿಗಳಂತೆ. ಒಂದರ ಪಕ್ಕಕ್ಕೆ ಒಂದು. ಕನ್ನಡದ ಅಕ್ಷರವಾದರೋ ನಮ್ಮೂರ ಹಳೆಯ ಮನೆಯಂತೆ. ಅದಕ್ಕೆ ಮೇಲೆ ಮಾಳಿಗೆಯುಂಟು, ಕೆಳಗೆ ಹಗೇವು ಉಂಟು. ಗುಡಿಸು, ಏತ್ವಗಳು ಮೇಲೆ ಏರುತ್ತವೆ. ಒತ್ತಕ್ಷರಗಳು ಕೆಳಗೆ ಇಳಿಯುತ್ತವೆ. ಕೊಂಬು, ದೀರ್ಘಗಳು ಬಲಕ್ಕೆ ಚಾಚುತ್ತವೆ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಎಷ್ಟು ಅಂತಸ್ತು ಬೇಕು ನೋಡಿರಿ. ಇಂಗ್ಲಿಷಿನ ಒಂದು ಸಾಲಿಗೆ ಬಿಟ್ಟ ಎತ್ತರದಲ್ಲಿ ಇದನ್ನು ತುರುಕಿದರೆ, ಒಂದೋ ಅಕ್ಷರ ಕುಬ್ಜವಾಗಬೇಕು ಇಲ್ಲವೇ ಒತ್ತು ತಗಡಿನಡಿ ಸೇರಿ ಅಕ್ಕಿಯು ಅಕಿಯಾಗಬೇಕು.

ದಪ್ಪದ ಮಾತೂ ಹಾಗೆಯೇ. ದ-ಧ, ಡ-ಢ, ಬ-ಭ, ಪ-ಫ ಈ ಜೋಡಿಗಳಲ್ಲಿ ಅಲ್ಪಪ್ರಾಣಕ್ಕೂ ಮಹಾಪ್ರಾಣಕ್ಕೂ ಇರುವ ಭೇದ ಒಂದು ಚಿಕ್ಕ ಗೀಟು. ರೋಮನ್ ಅಕ್ಷರವನ್ನು ಎಷ್ಟು ಕೊಬ್ಬಿಸಿದರೂ ಅರ್ಥ ಕೆಡುವುದು ಅಪರೂಪ. ಕನ್ನಡದಲ್ಲಿ ಆ ಗೀಟಿನ ಸುತ್ತ ಬೆಳಕು ಬಿಡದೆ ಕೊಬ್ಬಿಸಿದರೆ ಮಹಾಪ್ರಾಣ ಹೋಗಿಯೇಬಿಡುತ್ತದೆ. ಎಲ್ಲಿ ದಪ್ಪ, ಎಲ್ಲಿ ತೆಳು, ಎಲ್ಲಿ ಬಯಲು ಎಂಬುದನ್ನು ಪ್ರತಿ ಅಕ್ಷರಕ್ಕೂ ಬೇರೆಯಾಗಿ ಲೆಕ್ಕ ಹಾಕಬೇಕು. ಇದನ್ನು ಬೋರು ಹಿಡಿದು, ಮಸಿಯಲ್ಲಿ ಅದ್ದಿ, ನೂರು ಸಲ ಬರೆದು ಕಲಿಯಬೇಕು. ಆಮೇಲೆ ಹಚ್ಚುವುದರಿಂದ ಬರುವ ವಿದ್ಯೆ ಇದಲ್ಲ.

ಲಾಂಛನದ ಪಾಠವನ್ನೇ ತೆಗೆದುಕೊಳ್ಳಿರಿ. ಹೆಸರಿನ ಮೊದಲ ದೊಡ್ಡಕ್ಷರವನ್ನು ಹಿಡಿದು ಅದರಿಂದ ಚಿತ್ರ ಮಾಡಬೇಕೆಂದು ಹುಡುಗಿಗೆ ಹೇಳಿದ್ದಾರೆ. ಕನ್ನಡದಲ್ಲಿ ದೊಡ್ಡಕ್ಷರ ಸಣ್ಣಕ್ಷರವೆಂಬ ಜಾತಿಭೇದವೇ ಇಲ್ಲ! ಆದರೆ 'ವಿ' ಎಂಬ ನಮ್ಮ ಅಕ್ಷರದ ಗುಡಿಸನ್ನು ನೋಡಿರಿ; ತಂತಿಯನ್ನು ಹಿಡಿಯಲು ಹೊರಟ ದ್ರಾಕ್ಷಿಯ ಕುಡಿಯಂತೆಯೇ ಅದು ಸುರುಳಿಯಾಗಿ ಏಳುತ್ತದೆ. ಇಂಗ್ಲಿಷಿನ ಎರಡು ಗೀಟುಗಳ ಮೇಲೆ ಎಲೆಯನ್ನು ತಂದು ಕಟ್ಟುವ ತೊಂದರೆಯೇ ಬೇಕಾಗಿರಲಿಲ್ಲ. ನೂರು ವರ್ಷ ದಾಟಿದ ಮೈಸೂರು ಸ್ಯಾಂಡಲ್ ಸಾಬೂನಿನ ಲಾಂಛನ ಇಂದಿಗೂ ಜನರ ಮನಸ್ಸಿನಲ್ಲಿ ಉಳಿದಿದೆ. ಅದು ಸಿಂಹದ ದೇಹಕ್ಕೆ ಆನೆಯ ತಲೆಯಿರುವ ಶರಭ, ನಮ್ಮದೇ ಪುರಾಣದಿಂದ ಎದ್ದುಬಂದದ್ದು. ಪರದೇಶದ ಮಾದರಿಯಿಂದ ಕತ್ತರಿಸಿ ತಂದ ಗುರುತು ಇಷ್ಟು ಕಾಲ ಬಾಳುವುದು ಕಷ್ಟ.

ಇನ್ನು ಆಕ್ಷೇಪಣೆಗಳು. ನಮ್ಮ ವಿದ್ಯಾವಂತ ಮಿತ್ರರ ಬಾಯಲ್ಲಿ ಇವು ಸದಾ ಸಿದ್ಧವಾಗಿರುತ್ತವೆ.

ಮೊದಲನೆಯದು: ಪೊಟ್ಟಣ ಹೋಗುವುದು ಮುಂಬಯಿಗೆ, ದುಬೈಗೆ, ಅಲ್ಲಿ ಕನ್ನಡ ಓದುವವರಾರು? ಒಳ್ಳೆಯದು, ಇಂಗ್ಲಿಷ್ ಇರಲಿ. ಯಾರೂ ಅದನ್ನು ಓಡಿಸುತ್ತಿಲ್ಲ. ಆಹಾರದ ಪೊಟ್ಟಣದ ಮೇಲಿನ ವಿವರ ಇಂಗ್ಲಿಷಿನಲ್ಲಿ ಅಥವಾ ದೇವನಾಗರಿಯ ಹಿಂದಿಯಲ್ಲಿ ಇರಬೇಕೆಂದು 2020ರ ಕೇಂದ್ರದ ನಿಯಮವೇ ಹೇಳುತ್ತದೆ. ಆದರೆ ಅದೇ ನಿಯಮ, ಬೇರೆ ಭಾಷೆಯನ್ನೂ ಜೊತೆಗೆ ಬಳಸಲು ಅಡ್ಡಿಯಿಲ್ಲವೆಂದೂ ಹೇಳುತ್ತದೆ. ಬಾಗಿಲು ತೆರೆದಿದೆ, ಒಳಗೆ ಹೋಗದವರು ನಾವು. ಜಪಾನಿನ ಚಹದ ಡಬ್ಬಿಯ ಮೇಲಿನ ಲಿಪಿಯನ್ನು ನಮ್ಮಲ್ಲಿ ಎಷ್ಟು ಜನ ಓದಬಲ್ಲರು? ಆದರೂ ಆ ಬರಹವನ್ನು ನೋಡಿಯೇ, ಇದು ಇಂಥ ನೆಲದ ಸರಕು ಎಂದು ನಂಬಿ ಕೊಳ್ಳುತ್ತೇವೆ. ಓದಲು ಬಾರದವನಿಗೂ ಲಿಪಿ ಊರ ಗುರುತು ಹೇಳುತ್ತದೆ.

ಊರ ಗುರುತು ನಮಗೆ ಎಷ್ಟು ಅಗತ್ಯವೆಂಬುದನ್ನು ಹುಡುಗಿಯ ತಂದೆಯನ್ನು ಕೇಳಿರಿ. ತಿಕೋಟಾ, ಬಬಲೇಶ್ವರಗಳ ಸುತ್ತಿನ ರೈತರು ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿಯನ್ನು ನೆರಳಿನ ಜಾಳಿಗೆಗಳ ಮೇಲೆ ಎರಡು ವಾರ ಒಣಗಿಸಿ ಒಂದು ಕಿಲೋ ಮಣೂಕ ಮಾಡುತ್ತಾರೆ. ಅದರಲ್ಲಿ ಎಷ್ಟೋ ಪಾಲು ರಟ್ಟಿನ ಪೆಟ್ಟಿಗೆಗಳಲ್ಲಿ ತಾಸಗಾಂವ, ಸಾಂಗಲಿಗಳ ಹರಾಜಿಗೆ ಹೋಗುತ್ತದೆ. ಸಾಂಗಲಿಯ ಒಣದ್ರಾಕ್ಷಿಗೆ 2016ರಲ್ಲಿಯೇ ಭೌಗೋಳಿಕ ಸೂಚಿಯ ಮನ್ನಣೆ ದೊರೆಯಿತು. ಅದು ಅವರ ಜಾಣತನ, ಅವರನ್ನು ದೂರುವುದಿಲ್ಲ. “ಹಣ್ಣ ನಮ್ಮದು, ಕಷ್ಟ ನಮ್ಮದು. ಪೆಟ್ಟಿಗಿ ಒಮ್ಮೆ ಲಾರಿ ಹತ್ತಿತಂದ್ರ ಅದು ಯಾರದಂತ ಕೇಳವರ ಇಲ್ಲರಿ” ಎಂದು ಆ ತಂದೆ ಹೇಳಿದಾಗ ನನ್ನಲ್ಲಿ ಉತ್ತರವಿರಲಿಲ್ಲ. ಹೆಸರಿಲ್ಲದ ಸರಕಿಗೆ ಹರಾಜಿನವನು ಹೇಳಿದ್ದೇ ಬೆಲೆ. ಹೆಸರು, ಗುರುತು, ಪೊಟ್ಟಣ ಇವು ಶೋಕಿಯ ಮಾತುಗಳಲ್ಲ. ರೈತನ ಕಿಲೋಕ್ಕೆ ನಾಲ್ಕು ಕಾಸು ಹೆಚ್ಚು ಬರುವ ಮಾತುಗಳು. ಅವಳ ಮೂರು ಕೆಲಸಗಳು ಬರೀ ಮಾರ್ಕಿಗಾಗಿ ಮಾಡಿದ ಆಟಿಕೆಗಳಾಗಬಾರದೆಂಬ ನನ್ನ ಹಟಕ್ಕೆ ಇದೇ ಕಾರಣ.

ಎರಡನೆಯ ಆಕ್ಷೇಪಣೆ: ಕನ್ನಡದಲ್ಲಿ ಒಳ್ಳೆಯ ಫಾಂಟುಗಳೇ ಇಲ್ಲವಲ್ಲ, ಏನು ಮಾಡುವುದು? ಒಂದು ಕಾಲಕ್ಕೆ ಈ ಮಾತು ನಿಜವಿತ್ತು. ಇಂದು ಇದು ಸೋಮಾರಿಗಳ ಮಾತು. 'ಬಾಲೂ ತಮ್ಮ', 'ಅನೇಕ್ ಕನ್ನಡ', 'ಅಕಾಯ ಕನಡಕ' ಮೊದಲಾದವು ಯಾರು ಬೇಕಾದರೂ ಪುಕ್ಕಟೆಯಾಗಿ ಪಡೆಯುವಂತಿವೆ. ಆದರೆ ಇವುಗಳ ಹಿಂದಿನ ಕೈಗಳು ಯಾರವೆಂದು ವಿಚಾರಿಸಿದರೆ ನಮ್ಮ ಅಭಿಮಾನಕ್ಕೆ ಒಂದಿಷ್ಟು ಪೆಟ್ಟು ಬೀಳುತ್ತದೆ. 'ಹುಬ್ಬಳ್ಳಿ' ಎಂಬ ಹೆಸರಿನ ಕನ್ನಡ ಫಾಂಟನ್ನು ರಚಿಸಿದವರು ಅಮೇರಿಕದ ಎರಿನ್ ಮೆಕ್ಲಾಫ್ಲಿನ್ ಎಂಬ ಹೆಣ್ಣುಮಗಳು. ವಿಂಡೋಸ್ ಗಣಕಯಂತ್ರಗಳ ಜೊತೆಗೆ ಬಂದ 'ತುಂಗಾ' ಅಕ್ಷರಗಳ ಹಿಂದೆ ಇದ್ದುದು, 2008ರಲ್ಲಿ ತೀರಿಕೊಂಡ ಮುಂಬಯಿಯ ಆರ್. ಕೆ. ಜೋಶಿಯವರ ಹಿರಿತನ. 'ಅಕಾಯ'ದಲ್ಲಿ ನಮ್ಮ ವೈಷ್ಣವಿ ಮೂರ್ತಿಯವರು ಸ್ಪೇನಿನ ಹುವಾನ್ ಲೂಯಿಸ್ ಬ್ಲಾಂಕೊ ಅವರೊಡನೆ ಕೈಗೂಡಿಸಿದ್ದಾರೆ. ಹೊರಗಿನವರು ನಮ್ಮ ಅಕ್ಷರವನ್ನು ತಿದ್ದಿ ತೀಡಿ ಕಲಿತರು, ಅವರಿಗೆ ಕೈಮುಗಿಯುತ್ತೇನೆ. ಅಮೇರಿಕದ ಹೆಣ್ಣುಮಗಳಿಗೆ ಕನ್ನಡದ ತಲೆಕಟ್ಟು ಒಲಿಯುವುದಾದರೆ, ತಿಕೋಟಾದ ಹೆಣ್ಣುಮಗಳಿಗೆ ಅದನ್ನು ಆಮೇಲೆ ಹಚ್ಚು ಎಂದು ಹೇಳುವ ಶಾಲೆಗೆ ಏನೆನ್ನಬೇಕು?

ಹೊಳೆಯ ಆಚೆಗೂ ಒಮ್ಮೆ ನೋಡೋಣ. 2020ರಲ್ಲಿ ನಿಧನರಾದ ಕಮಲ್ ಶೆಡ್ಗೆಯವರು ಮರಾಠಿ ನಾಟಕಗಳ ಹೆಸರುಗಳನ್ನು ಪತ್ರಿಕೆಯ ಜಾಹೀರಾತಿಗಾಗಿ ಕೈಯಿಂದ ಬರೆಯುತ್ತಿದ್ದರು. ಹೆಸರಿನ ಬರಹದಲ್ಲಿಯೇ ಆ ನಾಟಕ ನಗಿಸುವುದೋ ಅಳಿಸುವುದೋ ತಿಳಿಯುತ್ತಿತ್ತು. ಓದುಗರು ಅವರ ಹೆಸರು ಬಲ್ಲವರಾಗಿದ್ದರು. ನಮ್ಮ ಓದುಗರಲ್ಲಿ ಎಷ್ಟು ಜನ ಒಬ್ಬ ಕನ್ನಡ ಅಕ್ಷರಕಾರನ ಹೆಸರು ಹೇಳಬಲ್ಲರು?

ಮೂರನೆಯ ಆಕ್ಷೇಪಣೆ ನನ್ನ ವಯಸ್ಸಿನವರಿಂದ ಬರುತ್ತದೆ: ಹಳೆಯ ಪೇಂಟರರ ಕಾಲವೇ ಚೆನ್ನಾಗಿತ್ತು, ಫ್ಲೆಕ್ಸ್ ಬಂದು ಎಲ್ಲ ಕೆಟ್ಟಿತು, ಇನ್ನೇನು ಮಾಡಲಾದೀತು! ಇದನ್ನೂ ನಾನು ಒಪ್ಪಲಾರೆ. ಹಳೆಯ ಪೇಂಟರರೆಲ್ಲ ದೇವರಾಗಿರಲಿಲ್ಲ. ಅವರಲ್ಲಿಯೂ ಹಕಾರ ಅಕಾರ ಅರಿಯದವರು ಬೇಕಾದಷ್ಟಿದ್ದರು. ಆದರೆ ಒಂದು ಮಾತು ನೆನಪಿಡತಕ್ಕದ್ದು. ನಾನು ಬಲ್ಲ ಪೇಂಟರರು ಅಕ್ಷರದ ಲೆಕ್ಕದಲ್ಲಿ ಕೂಲಿ ತೆಗೆದುಕೊಳ್ಳುತ್ತಿದ್ದರು, ಅಕ್ಷರಕ್ಕೆ ಇಷ್ಟು ಎಂದು. ಆಗ ಒಂದೊಂದು ಅಕ್ಷರಕ್ಕೂ ಬೆಲೆಯಿತ್ತು. ಇಂದು ಫ್ಲೆಕ್ಸಿಗೆ ದರ ಚದರ ಫೂಟಿನದು. ಅಕ್ಷರ ಪುಕ್ಕಟೆ. ಪುಕ್ಕಟೆ ಸಿಕ್ಕದ್ದನ್ನು ಎಳೆದರೇನು, ಕೊಬ್ಬಿಸಿದರೇನು, ಕತ್ತರಿಸಿದರೇನು? ಕೆಡುಕು ಯಂತ್ರದ್ದಲ್ಲ. 1843ರಲ್ಲಿ 'ಮಂಗಳೂರ ಸಮಾಚಾರ' ಹೊರಟಾಗ ಮೊದಲು ಕಲ್ಲಚ್ಚಿನಲ್ಲಿಯೇ ಮುದ್ರಣವಾಯಿತು. ಕನ್ನಡದ ಮೊದಲ ಪತ್ರಿಕೆಯೇ ಕೈಬರಹದಿಂದ ಹುಟ್ಟಿತು. ಅಂದಿಗೆ ಕಲ್ಲಚ್ಚೂ ಹೊಸ ಯಂತ್ರವೇ. ಯಂತ್ರದ ಮುಂದೆ ಬಲ್ಲವನು ಕುಳಿತರೆ ಅಕ್ಷರ ಉಳಿಯುತ್ತದೆ.

ಇಷ್ಟೆಲ್ಲ ಯಾವ ಊರಿನಲ್ಲಿ ನಡೆದಿದೆ ಎಂಬುದನ್ನು ಮರೆಯಬೇಡಿರಿ. ಎರಡನೆಯ ಇಬ್ರಾಹಿಂ ಆದಿಲಶಾಹನು ಖಲೀಲುಲ್ಲಾ ಎಂಬ ಲಿಪಿಕಾರನಿಗೆ ಲೇಖನಿಯ ಬಾದಶಹ ಎಂದು ಬಿರುದು ಕೊಟ್ಟ ಊರು ಇದು. ರಾಜನೊಬ್ಬನು ತನ್ನದೇ ಪದವಿಯ ಹೆಸರನ್ನು ಅಕ್ಷರ ಬರೆಯುವವನಿಗೆ ಕೊಟ್ಟನು! ಇಬ್ರಾಹಿಂ ರೋಜಾದ ಕಿಟಕಿಗಳಿಗೆ ಹೋಗಿ ನೋಡಿರಿ. ಅಲ್ಲಿ ಕಲ್ಲನ್ನು ಕೊರೆದು ಅಕ್ಷರಗಳನ್ನೇ ಜಾಲಂಧರ ಮಾಡಿದ್ದಾರೆ. ಬೆಳಕು ಒಳಗೆ ಬರುವುದೇ ಅಕ್ಷರದ ಸಂದುಗಳಿಂದ. ಕಲ್ಲುಕುಟಿಗನು ಆ ಸಂದುಗಳನ್ನು ಮುಚ್ಚಲಿಲ್ಲ. ನಾವು 'ಧ'ಕಾರದ ಒಂದು ಸೀಳನ್ನು ಉಳಿಸಲಾರದವರಾದೆವು.

ಅರಬ್ಬಿ ಲಿಪಿಯ ಮಾತು ಬಿಡಿ, ಕನ್ನಡದ್ದು ಹೇಳಿ ಎನ್ನುವಿರಾ? ಅದೂ ಇದೇ ಊರಿನಲ್ಲಿದೆ. ವಕೀಲರಾಗಿದ್ದ ಫ. ಗು. ಹಳಕಟ್ಟಿಯವರು ಹಳ್ಳಿ ಹಳ್ಳಿ ತಿರುಗಿ ತಾಳೆಗರಿಗಳಿಂದ ವಚನಗಳನ್ನು ಕಲೆಹಾಕಿದರು. 'ವಚನಶಾಸ್ತ್ರಸಾರ'ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಬೇರೆಯವರ ಅಚ್ಚುಕೂಟವನ್ನು ನಂಬಿ ಕೂಡುವುದು ಸಾಧ್ಯವಿಲ್ಲವೆಂದು ಕಂಡಾಗ, 1925ರಲ್ಲಿ ಇದ್ದ ಮನೆಯನ್ನು ಮಾರಿ ಇಲ್ಲಿ ಹಿತಚಿಂತಕ ಮುದ್ರಣಾಲಯ ಸ್ಥಾಪಿಸಿದರು. ಮರುವರ್ಷವೇ 'ಶಿವಾನುಭವ' ಪತ್ರಿಕೆ ಹೊರಟಿತು. ಅವರು ಸ್ಥಾಪಕರಲ್ಲಿ ಒಬ್ಬರಾಗಿದ್ದ ಬಿ.ಎಲ್.ಡಿ.ಇ. ಸಂಸ್ಥೆಯ ದೊಡ್ಡ ಕಟ್ಟಡಗಳು ಇಂದು ಇದೇ ಸೊಲ್ಲಾಪುರ ರಸ್ತೆಯ ಮೇಲೆ ನಿಂತಿವೆ. ನಾವು ಪೆನ್ಶನರರು ಅವುಗಳ ಮುಂದಿನಿಂದಲೇ ದಿನಾಲು ಹಾಯುತ್ತೇವೆ. ಕನ್ನಡದ ಅಚ್ಚುಮೊಳೆಗಾಗಿ ಮನೆ ಮಾರಿದವರ ಊರಿನಲ್ಲಿ, ಅದೇ ಕನ್ನಡದ ಒಂದು ಬೋರ್ಡಿಗೆ ಅರ್ಧ ದಿನದ ಕೂಲಿ ಹೆಚ್ಚು ಕೊಡಲು ನಾವು ಹಿಂದೆಮುಂದೆ ನೋಡುತ್ತೇವೆ.

ಹಾಗಾದರೆ ಮಾಡಬೇಕಾದುದೇನು? ಬರಿಯ ಗೊಣಗಾಟವೆಂದು ಯಾರೂ ಅನ್ನಬಾರದೆಂದು ಹೇಳುತ್ತೇನೆ.

ಡಿಸೈನ್ ಶಾಲೆಗಳು ಮೊದಲ ವರ್ಷದ ಅಕ್ಷರಪಾಠವನ್ನು ವಿದ್ಯಾರ್ಥಿಯ ತಾಯಿನುಡಿಯ ಲಿಪಿಯಿಂದ ಆರಂಭಿಸಲಿ. ಪರೀಕ್ಷಕರಿಗೆ ಕನ್ನಡ ಬಾರದಿದ್ದರೆ ಬರುವವರೊಬ್ಬರನ್ನು ಕರೆಯಲಿ. ಪರೀಕ್ಷಕರ ಅಜ್ಞಾನಕ್ಕೆ ವಿದ್ಯಾರ್ಥಿಯ ಮಾರ್ಕು ಕತ್ತರಿಸುವುದು ಯಾವ ನ್ಯಾಯ? 1958ರಲ್ಲಿ ಭಾರತಕ್ಕೆ ಬಂದ ಚಾರ್ಲ್ಸ್ ಮತ್ತು ರೇ ಈಮ್ಸ್ ದಂಪತಿಗಳು ತಮ್ಮ ವರದಿಯಲ್ಲಿ ನಮ್ಮ ತಂಬಿಗೆಯನ್ನು ಮನಸಾರೆ ಹೊಗಳಿದರು. ಆ ವರದಿಯ ಬೆನ್ನಿಗೆ 1961ರಲ್ಲಿ ಅಹಮದಾಬಾದಿನಲ್ಲಿ ರಾಷ್ಟ್ರೀಯ ವಿನ್ಯಾಸ ಸಂಸ್ಥೆ ಹುಟ್ಟಿತು. ಈ ದೇಶದಲ್ಲಿ ಡಿಸೈನ್ ಶಿಕ್ಷಣ ಆರಂಭವಾದದ್ದೇ ಮನೆಯ ತಂಬಿಗೆಯನ್ನು ನೋಡಲು ಕಲಿಯುವುದರಿಂದ. ತಂಬಿಗೆಯನ್ನು ಕಂಡವರಿಗೆ ಮನೆಯ ಅಕ್ಷರ ಕಾಣದಿರುವುದು ಸೋಜಿಗ.

ನನ್ನ ನಂತರ ಬಂದ ಡ್ರಾಯಿಂಗ್ ಮಾಸ್ತರರಿಗೆ ಒಂದು ಬಿನ್ನಹ. ವಾರಕ್ಕೆ ಒಂದು ತಾಸು ಕನ್ನಡದ ಅಕ್ಷರ ತಗಿಸಿರಿ. ನಾನು ಮಾಡದ್ದನ್ನು ನೀವು ಮಾಡಿರಿ. ಫಲಕದ ಅಧಿಕಾರಿಗಳಿಗೆ ಇನ್ನೊಂದು. ಟೇಪು ಹಿಡಿದು ಅಳೆದ ಮೇಲೆ, ದಯವಿಟ್ಟು ಒಮ್ಮೆ ಓದಿಯೂ ನೋಡಿರಿ. ಶೇಕಡಾ 60 ಜಾಗದಲ್ಲಿ ತಪ್ಪು ಕನ್ನಡವಿದ್ದರೆ ಅದು ಶೇಕಡಾ 60 ಅಪಮಾನ. ಸರಕು ತಯಾರಿಸುವವರೂ ಈ ಮಾತು ನೆನಪಿಡಲಿ.

ಕೊನೆಯ ಮಾತು ನಿಮಗೆ, ಭಾನುವಾರ ಚಹ ಕುಡಿಯುತ್ತ ಇದನ್ನು ಓದುವವರಿಗೆ. ಮಗಳ ಲಗ್ನಪತ್ರಿಕೆಯನ್ನು ಯಾವ ಲಿಪಿಯಲ್ಲಿ ಹಾಕಿಸಿದಿರಿ? ಮನೆಯ ಗೇಟಿನ ಮೇಲಿನ ಹೆಸರು ಯಾವ ಲಿಪಿಯಲ್ಲಿದೆ? ಕನ್ನಡದ ಪೊಟ್ಟಣವನ್ನು ಕಂಡಾಗ, ಇದೇನೋ ಹಳ್ಳಿಯ ಮಾಲು ಎಂದು ಪಕ್ಕಕ್ಕಿಟ್ಟು ಇಂಗ್ಲಿಷಿನದನ್ನು ಎತ್ತಿಕೊಂಡವರು ನೀವೇ ಅಲ್ಲವೇ? ಅಂಗಡಿಕಾರ ನಿಮ್ಮ ಮುಖ ನೋಡಿ ಬೋರ್ಡು ಬರೆಸುತ್ತಾನೆ. ಯಾರೂ ಕೇಳುವ ಹಾಗಿಲ್ಲ ಎಂಬ ಧೈರ್ಯ ಅವನಿಗೆ ಬಂದದ್ದು ನಿಮ್ಮಿಂದ.

ಹುಡುಗಿಯ ಸಂಗತಿ ಏನಾಯಿತೆಂದು ನೀವು ಕೇಳಬಹುದು. ಮರುದಿನ ಅವಳು ಮತ್ತೆ ಬಂದಳು. ಇಬ್ಬರೂ ಕೂಡಿ ಬೋರಿನ ಲೇಖನಿ ಕೆತ್ತಿಕೊಂಡು 'ಅ'ಕಾರದಿಂದ ಆರಂಭಿಸಿದೆವು. ಕಲಿಸುವವನೂ ಕಲಿಯುವವನೇ ಆಗಿದ್ದೆ. ಎಂಟು ದಿನಗಳ ಮೇಲೆ 'ದ್ರಾಕ್ಷಿ' ಎಂಬ ಒಂದು ಶಬ್ದ ತಕ್ಕಮಟ್ಟಿಗೆ ನಿಂತಿತು. ಪೊಟ್ಟಣವನ್ನು ಅವಳು ಹೊಸದಾಗಿ ಮಾಡುತ್ತಿದ್ದಾಳೆ. ಅದಕ್ಕೆ ಮಾರ್ಕು ಬೀಳುವುದೋ ಇಲ್ಲವೋ ನಾನರಿಯೆ.

ರಜೆ ಮುಗಿಯುವ ಮೊದಲು ಅವಳನ್ನು ಕರೆದುಕೊಂಡು ಆ ಧನದ ಅಂಗಡಿಗೆ ಹೋದೆ. ಮಾಲಿಕರು ನಗುತ್ತಲೇ ಏಣಿ ಕೊಟ್ಟರು. ಅವಳು ಹತ್ತಿ, ಹಿನ್ನೆಲೆಗೆ ಹೊಂದುವ ಬಣ್ಣದಲ್ಲಿ 'ಧ'ಕಾರದ ಹೊಟ್ಟೆಗೆ ಒಂದು ಗೀಟು ಎಳೆದಳು. ದನ ಹೊರಟುಹೋಗಿ ಧನ ಬಂದಿತು. ಮಾಲಿಕರು ರಸ್ತೆಯ ಆಚೆ ನಿಂತು ಬಹಳ ಹೊತ್ತು ನೋಡಿದರು. ಆಮೇಲೆ ಕಿಸೆಗೆ ಕೈಹಾಕಿ ಕೇಳಿದರು:

“ಏನ ಕೊಡಬೇಕ್ರೀ ಮಾಸ್ತರ್ರ? ಇದು ಎಷ್ಟು ಚದರ ಫೂಟ್ ಆತು?”